ವಿಚ್ಛೇದನದ ಹೊತ್ತಿನಲ್ಲಿ ಮನೆಯ ಬೆಲೆ: ಯಾವ ನಮೂನೆಯ ವರದಿ ಬೇಕು?

ದೂರವಾಗಲು ತೀರ್ಮಾನಿಸಿದ ದಂಪತಿಗೆ ಬ್ಯಾಂಕಿನ ಠೇವಣಿಯನ್ನು ಹಂಚಿಕೊಳ್ಳುವುದು ಕಷ್ಟವಲ್ಲ. ಚಿನ್ನವನ್ನೂ ತೂಗಿ ಹಂಚಬಹುದು. ಮನೆಯನ್ನು ಹಾಗೆ ಹಂಚಲಾಗದು. ಒಬ್ಬರು ಮನೆಯನ್ನು ಉಳಿಸಿಕೊಂಡು ಇನ್ನೊಬ್ಬರಿಗೆ ಹಣ ಕೊಡಬೇಕು, ಇಲ್ಲವೇ ಇಬ್ಬರೂ ಒಪ್ಪಿ ಮಾರಿ ಬಂದ ಹಣವನ್ನು ಪಾಲು ಮಾಡಿಕೊಳ್ಳಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ಮೊದಲು ಎದುರಾಗುವ ಪ್ರಶ್ನೆ ಒಂದೇ: ಈ ಮನೆಯ ಬೆಲೆ ಎಷ್ಟು?

ಈ ಪ್ರಶ್ನೆಗೆ ಉತ್ತರವೆಂದು ಕಕ್ಷಿದಾರರು ತರುವ ಕಾಗದಗಳು ಹಲವು ಬಗೆಯವು. ಒಬ್ಬರು ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ತೋರಿಸುತ್ತಾರೆ. ಇನ್ನೊಬ್ಬರು ಗೃಹಸಾಲಕ್ಕಾಗಿ ಬ್ಯಾಂಕು ಬರೆಸಿದ್ದ ಹಳೆಯ ವರದಿಯನ್ನು ಮುಂದಿಡುತ್ತಾರೆ. ಮತ್ತೊಬ್ಬರ ಬಳಿ ಬಡಾವಣೆಯ ದಲ್ಲಾಳಿ ಬರೆದುಕೊಟ್ಟ ಒಂದು ಪುಟದ ಪತ್ರವಿರುತ್ತದೆ. ಇವೆಲ್ಲದರಲ್ಲೂ ಒಂದು ಮೊತ್ತವಿದೆ ನಿಜ. ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಬರೆದ ಉತ್ತರಗಳು. ವಿಚ್ಛೇದನದ ಪ್ರಶ್ನೆಗೆ ಸರಿಯಾದ ನಮೂನೆಯನ್ನು ಆರಿಸಿಕೊಳ್ಳದಿದ್ದರೆ ಆಗುವ ನಷ್ಟ ಸಣ್ಣದಲ್ಲ.

ಒಂದೇ ಮನೆ, ಮೂರು ಬೆಲೆ

ಉದಾಹರಣೆಗೆ ಬೆಂಗಳೂರಿನ ಒಂದು ಫ್ಲ್ಯಾಟನ್ನು ಊಹಿಸಿಕೊಳ್ಳೋಣ. ಕ್ರಯಪತ್ರ ಪತಿ–ಪತ್ನಿ ಇಬ್ಬರ ಹೆಸರಿನಲ್ಲಿದೆ, ಪಾಲು ಸಮಾನ, ತೀರಬೇಕಾದ ಗೃಹಸಾಲ 40 ಲಕ್ಷ ರೂಪಾಯಿ. ಇಲ್ಲಿನ ಅಂಕಿಗಳು ಲೆಕ್ಕವನ್ನು ತಿಳಿಯಲು ಕಲ್ಪಿಸಿಕೊಂಡವು.

ಮಾರ್ಗಸೂಚಿ ಬೆಲೆಯಂತೆ ಫ್ಲ್ಯಾಟಿನ ಮೌಲ್ಯ 68 ಲಕ್ಷ. ಸಾಲ ಕಳೆದರೆ 28 ಲಕ್ಷ. ಅರ್ಧ ಪಾಲು 14 ಲಕ್ಷ. ಬ್ಯಾಂಕಿನ ವರದಿಯಲ್ಲಿ ಕಾಣಿಸಿದ ತುರ್ತು ಮಾರಾಟದ ಬೆಲೆ 85 ಲಕ್ಷ. ಅದರಂತೆ ಸಾಲ ಕಳೆದು ಉಳಿಯುವುದು 45 ಲಕ್ಷ. ಅರ್ಧ ಪಾಲು ಇಪ್ಪತ್ತೆರಡೂವರೆ ಲಕ್ಷ. ಅದೇ ಫ್ಲ್ಯಾಟಿನ ನಿಜವಾದ ಮಾರುಕಟ್ಟೆ ಮೌಲ್ಯ 1 ಕೋಟಿ 10 ಲಕ್ಷವಾಗಿದ್ದರೆ ಸಾಲ ಕಳೆದು 70 ಲಕ್ಷ ಉಳಿದು, ಅರ್ಧ ಪಾಲು 35 ಲಕ್ಷವಾಗುತ್ತದೆ.

ಮನೆಯನ್ನು ಬಿಟ್ಟು ಹೊರಡುವವರಿಗೆ 14 ಲಕ್ಷವೋ 35 ಲಕ್ಷವೋ ಎಂಬುದು ಮೇಜಿನ ಮೇಲೆ ಯಾವ ಕಾಗದವಿದೆ ಎಂಬುದನ್ನು ಅವಲಂಬಿಸಿತು. ಇಪ್ಪತ್ತೊಂದು ಲಕ್ಷದ ಈ ಅಂತರದಲ್ಲಿ ಮೋಸವಿರಬೇಕೆಂದಿಲ್ಲ. ಮೂರೂ ಅಂಕಿಗಳು ಅವುಗಳ ಉದ್ದೇಶದ ಮಟ್ಟಿಗೆ ಸರಿಯಾಗಿಯೇ ಇರಬಹುದು. ಒಂದು ಉದ್ದೇಶಕ್ಕೆ ಬರೆದುದನ್ನು ಇನ್ನೊಂದಕ್ಕೆ ಬಳಸಿದ್ದೇ ತಪ್ಪು.

ಕಾನೂನಿನ ಹಿನ್ನೆಲೆ

ವಿಚ್ಛೇದನವಾದೊಡನೆ ಪತಿ–ಪತ್ನಿಯರ ಆಸ್ತಿಯೆಲ್ಲ ತಾನಾಗಿಯೇ ಅರ್ಧರ್ಧವಾಗುತ್ತದೆ ಎಂಬ ನಂಬಿಕೆ ನಗರಗಳ ವಿದ್ಯಾವಂತರಲ್ಲಿಯೂ ಇದೆ. ಭಾರತದಲ್ಲಿ ಅಂತಹ ಸಾಮಾನ್ಯ ನಿಯಮವಿಲ್ಲ. ಪತಿಯ ಸ್ಥಿರಾಸ್ತಿಯಲ್ಲಿ ಪತ್ನಿಗೆ ಪಾಲು ಕೊಡುವ ಅಂಶವನ್ನು ಒಳಗೊಂಡಿದ್ದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು 2013ರಲ್ಲಿ ರಾಜ್ಯಸಭೆ ಅಂಗೀಕರಿಸಿತ್ತಾದರೂ ಅದು ಕಾಯ್ದೆಯಾಗಲಿಲ್ಲ.

ಹಾಗಿದ್ದರೂ ಆಸ್ತಿಯ ಮೌಲ್ಯದ ಪ್ರಶ್ನೆ ಕೌಟುಂಬಿಕ ನ್ಯಾಯಾಲಯದ ಮುಂದೆ ಹಲವು ದಾರಿಗಳಿಂದ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಂತೆ ಶಾಶ್ವತ ಜೀವನಾಂಶವನ್ನು ನಿಗದಿಪಡಿಸುವಾಗ ಇಬ್ಬರ ಆದಾಯ ಮತ್ತು ಆಸ್ತಿಯನ್ನು ನ್ಯಾಯಾಲಯ ಗಮನಿಸುತ್ತದೆ. ವಿವಾಹದ ಸಂದರ್ಭದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿರಬಹುದಾದ ಆಸ್ತಿಯ ಬಗ್ಗೆ 27ನೇ ಕಲಮು ಹೇಳುತ್ತದೆ. ಪತಿ–ಪತ್ನಿಯರ ನಡುವಿನ ಆಸ್ತಿ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರವನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮು ನೀಡಿದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕೆಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ನಿರ್ದೇಶಿಸಿತು. ಸ್ವಯಾರ್ಜಿತ ಆಸ್ತಿ, ಮದುವೆಯ ಬಳಿಕ ಜಂಟಿಯಾಗಿ ಕೊಂಡ ಆಸ್ತಿ, ಪಿತ್ರಾರ್ಜಿತದಲ್ಲಿನ ಪಾಲು ಇವನ್ನೆಲ್ಲ ಅದರಲ್ಲಿ ಬರೆಯಬೇಕಾಗುತ್ತದೆ.

ಮನೆ ಇಬ್ಬರ ಹೆಸರಿನಲ್ಲಿದ್ದರೆ ಇನ್ನೆರಡು ಹಳೆಯ ಕಾಯ್ದೆಗಳು ನೆರವಿಗೆ ಬರುತ್ತವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ, ಇಬ್ಬರು ಹಣ ಹಾಕಿ ಕೊಂಡ ಆಸ್ತಿಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಹಾಕಿದ ಹಣಕ್ಕೆ ತಕ್ಕಂತೆ ಪಾಲು. ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆಯಿಲ್ಲದಿದ್ದರೆ ಸಮಪಾಲೆಂದು ಭಾವಿಸಲಾಗುತ್ತದೆ. 1893ರ ವಿಭಜನಾ ಕಾಯ್ದೆಯಂತೆ, ವಿಭಜನೆಯ ದಾವೆಯಲ್ಲಿ ಅರ್ಧ ಅಥವಾ ಹೆಚ್ಚು ಪಾಲುಳ್ಳವರು ಹಂಚಲಾಗದ ಆಸ್ತಿಯನ್ನು ಮಾರಿಸಬೇಕೆಂದು ಕೋರಿದರೆ, ಇನ್ನೊಬ್ಬ ಪಾಲುದಾರರು ಆ ಪಾಲನ್ನು ಮೌಲ್ಯಮಾಪನದ ಬೆಲೆಗೆ ತಾವೇ ಕೊಳ್ಳಲು ಅನುಮತಿ ಕೇಳಬಹುದು. ಆಗ ನ್ಯಾಯಾಲಯವೇ ಮೌಲ್ಯಮಾಪನಕ್ಕೆ ಆದೇಶಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೌಲ್ಯಮಾಪನ ವರದಿಯು ಆಸ್ತಿಯ ಬೆಲೆಯನ್ನು ಹೇಳುತ್ತದೆಯೇ ಹೊರತು ಮಾಲೀಕರು ಯಾರೆಂಬುದನ್ನು ತೀರ್ಮಾನಿಸುವುದಿಲ್ಲ. ಕಂತು ಕಟ್ಟಿದವರು ಒಬ್ಬರು, ಕ್ರಯಪತ್ರದಲ್ಲಿರುವ ಹೆಸರು ಇನ್ನೊಬ್ಬರದು ಎಂಬ ವಿವಾದವಿದ್ದರೆ ಅದಕ್ಕೆ ಬ್ಯಾಂಕಿನ ಲೆಕ್ಕಪತ್ರಗಳೇ ಪುರಾವೆ.

ಮಾರ್ಗಸೂಚಿ ಬೆಲೆಯ ಪಟ್ಟಿ

ಕರ್ನಾಟಕ ಮುದ್ರಾಂಕ ಕಾಯ್ದೆಯ 45–ಬಿ ಕಲಮಿನಡಿ ರಚಿತವಾದ ಕೇಂದ್ರ ಮೌಲ್ಯಮಾಪನ ಸಮಿತಿಯ ನೇತೃತ್ವದಲ್ಲಿ ಸಿದ್ಧವಾಗುವ ಬೆಲೆಪಟ್ಟಿ ಇದು. ನೋಂದಣಿಯ ವೇಳೆ ಮುದ್ರಾಂಕ ಶುಲ್ಕ ಸೋರಿಹೋಗದಂತೆ ತಡೆಯುವುದು ಇದರ ಉದ್ದೇಶ. ಪಟ್ಟಿಯು ಬಡಾವಣೆಗೆ, ರಸ್ತೆಗೆ, ವಸತಿ ಸಮುಚ್ಚಯಕ್ಕೆ ದರ ಹೇಳುತ್ತದೆ. ನಿಮ್ಮ ಮನೆಯೊಳಗೆ ಬಂದು ನೋಡುವುದಿಲ್ಲ. ಗೋಡೆಯ ಸೋರಿಕೆ, ಹೊಸದಾಗಿ ಮಾಡಿಸಿದ ಅಡುಗೆಮನೆ, ಎದುರಿಗೆ ಬಂದ ಮೆಟ್ರೋ ನಿಲ್ದಾಣ ಇವು ಯಾವುವೂ ಅದಕ್ಕೆ ಒಡನೆ ತಿಳಿಯುವುದಿಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದರಗಳನ್ನು ವ್ಯಾಪಕವಾಗಿ ಪರಿಷ್ಕರಿಸಲಾಯಿತು. ಪರಿಷ್ಕರಣೆಗಳ ನಡುವಿನ ಅವಧಿಯಲ್ಲಿ ಮಾರುಕಟ್ಟೆ ಮುಂದೆ ಹೋಗಿರುತ್ತದೆ.

ಆದ್ದರಿಂದ ದಾನಪತ್ರ ಅಥವಾ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸುವಾಗ ಶುಲ್ಕದ ಅಂದಾಜಿಗೆ ಈ ಪಟ್ಟಿ ಬೇಕು. ಪಾಲಿನ ಲೆಕ್ಕಕ್ಕೆ ಇದೊಂದೇ ಸಾಲದು.

ದಲ್ಲಾಳಿಯ ಪತ್ರ

ಬಡಾವಣೆಯಲ್ಲಿ ನಿತ್ಯ ವ್ಯವಹರಿಸುವ ದಲ್ಲಾಳಿಗೆ ಮಾರುಕಟ್ಟೆಯ ನಾಡಿ ತಿಳಿದಿರುತ್ತದೆ. ಇಬ್ಬರೂ ಸೌಹಾರ್ದದಿಂದ ಮಾತನಾಡುವ ಸ್ಥಿತಿಯಲ್ಲಿದ್ದರೆ, ಮನೆಯನ್ನು ಇಟ್ಟುಕೊಳ್ಳುವುದೇ ಮಾರುವುದೇ ಎಂದು ಮೊದಲ ಅಂದಾಜು ಹಾಕಲು ಇಬ್ಬರು ಮೂವರು ದಲ್ಲಾಳಿಗಳ ಮಾತು ಸಾಕಾದೀತು. ಆದರೆ ಅವರು ಹೇಳುವುದು ಬಹುಮಟ್ಟಿಗೆ ಮಾರುವವರು ಕೇಳುತ್ತಿರುವ ಬೆಲೆ, ಕೈಬದಲಾದ ಬೆಲೆಯಲ್ಲ. ಮುಂದೆ ಆ ಮನೆಯನ್ನು ತಾವೇ ಮಾರಿಸಿಕೊಡುವ ಆಸೆಯೂ ಇರಬಹುದು. ಯಾವ ಲೆಕ್ಕದಿಂದ ಈ ಮೊತ್ತ ಬಂತೆಂದು ನ್ಯಾಯಾಲಯ ಕೇಳಿದರೆ ಒಂದು ಪುಟದ ಪತ್ರದಲ್ಲಿ ಉತ್ತರವಿರುವುದಿಲ್ಲ.

ಬ್ಯಾಂಕಿನ ನಮೂನೆ

ಗೃಹಸಾಲ ಕೊಡುವ ಮುನ್ನ ಬ್ಯಾಂಕು ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಬರೆಸುವ ವರದಿ ನೋಡಲು ಸಮರ್ಪಕವಾಗಿರುತ್ತದೆ. ಸ್ಥಳ ಪರಿಶೀಲನೆ, ಅಳತೆ, ಛಾಯಾಚಿತ್ರ ಎಲ್ಲವೂ ಅದರಲ್ಲಿರುತ್ತವೆ. ಆದರೆ ಬ್ಯಾಂಕಿನ ಚಿಂತೆ ಒಂದೇ: ಸಾಲಗಾರ ಕಂತು ಕಟ್ಟದಿದ್ದರೆ ಈ ಆಸ್ತಿಯಿಂದ ಎಷ್ಟು ಹಣ ವಸೂಲಾದೀತು? ಅದಕ್ಕಾಗಿಯೇ ಇಂತಹ ವರದಿಗಳಲ್ಲಿ ಮಾರುಕಟ್ಟೆ ಮೌಲ್ಯದ ಜೊತೆಗೆ ಕೈಗೆ ದಕ್ಕಬಹುದಾದ ಬೆಲೆ, ತುರ್ತು ಮಾರಾಟದ ಬೆಲೆ ಎಂಬ ಕಡಿಮೆ ಅಂಕಿಗಳೂ ಇರುತ್ತವೆ. ಮನೆಯನ್ನು ಉಳಿಸಿಕೊಳ್ಳಬಯಸುವವರು ಕೊನೆಯ ಅಂಕಿಯನ್ನು, ಹೊರಡುವವರು ಮೊದಲ ಅಂಕಿಯನ್ನು ಹಿಡಿದು ವಾದಿಸುವುದು ಸಹಜ.

ಒಬ್ಬರು ಮನೆಯಲ್ಲೇ ಉಳಿದು ಇನ್ನೊಬ್ಬರಿಗೆ ಹಣ ಕೊಡುವ ಏರ್ಪಾಡಿನಲ್ಲಿ ಯಾರೂ ತುರ್ತಾಗಿ ಮಾರುತ್ತಿಲ್ಲ. ಆದ್ದರಿಂದ ತುರ್ತು ಮಾರಾಟದ ಬೆಲೆಗೆ ಅಲ್ಲಿ ಆಧಾರವಿಲ್ಲ. ಇಷ್ಟಲ್ಲದೆ, ಬ್ಯಾಂಕಿನ ವರದಿಯಲ್ಲಿ ಅದು ಬ್ಯಾಂಕಿನ ಉಪಯೋಗಕ್ಕೆ ಮಾತ್ರ ಎಂಬ ಸಾಲು ಸಾಮಾನ್ಯ. ಬರೆದವರು ನಿಮ್ಮ ಪ್ರಕರಣದಲ್ಲಿ ಬಂದು ಸಾಕ್ಷಿ ನುಡಿಯಲು ಒಪ್ಪಿರುವುದಿಲ್ಲ.

ತೆರಿಗೆಯ ಕಾಲದ ನಮೂನೆ

ಹಲವು ಮೌಲ್ಯಮಾಪಕರು ಇಂದಿಗೂ ಓ–1 ಎಂಬ ನಮೂನೆಯನ್ನು ಅನುಸರಿಸುತ್ತಾರೆ. ಇದು 1957ರ ಸಂಪತ್ತು ತೆರಿಗೆ ನಿಯಮಗಳಲ್ಲಿ ಸ್ಥಿರಾಸ್ತಿಗಾಗಿ ರೂಪಿಸಿದ್ದು. ಕೃಷಿ ಜಮೀನು, ತೋಟ, ಅರಣ್ಯಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಸಂಪತ್ತು ತೆರಿಗೆಯೇ 2015ರ ಹಣಕಾಸು ಕಾಯ್ದೆಯಿಂದ ರದ್ದಾದ ಮೇಲೂ ನಮೂನೆಯ ಅಭ್ಯಾಸ ಉಳಿದಿದೆ. ಪ್ರಶ್ನೋತ್ತರದ ರೂಪದಲ್ಲಿರುವುದರಿಂದ ಮುಖ್ಯ ವಿವರಗಳು ತಪ್ಪಿಹೋಗುವುದಿಲ್ಲ ಎಂಬುದು ಇದರ ಅನುಕೂಲ. ಬೆಲೆಯನ್ನು ಹೇಗೆ ತಲುಪಿದರು ಎಂಬ ವಿವರಣೆಯನ್ನು ಪ್ರತ್ಯೇಕವಾಗಿ ಲಗತ್ತಿಸಿದರೆ ಮಾತ್ರ ವಿಚ್ಛೇದನದ ಪ್ರಕರಣಕ್ಕೆ ಇದು ಒದಗುತ್ತದೆ.

ವಿವರಣಾತ್ಮಕ ವರದಿ

ವಿವಾದವಿರುವ ಪ್ರಕರಣಕ್ಕೆ ಹೊಂದುವುದು ಕಾರಣಸಹಿತವಾದ ಪೂರ್ಣ ವರದಿ. 2013ರ ಕಂಪನಿ ಕಾಯ್ದೆಯ 247ನೇ ಕಲಮಿನಡಿ 2017ರಲ್ಲಿ ಜಾರಿಗೆ ಬಂದ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಇಂತಹ ವರದಿಯಲ್ಲಿ ಏನಿರಬೇಕೆಂದು ಪಟ್ಟಿ ಮಾಡಿವೆ. ಆ ನಿಯಮಗಳು ಕಂಪನಿ ವ್ಯವಹಾರಗಳಿಗಾಗಿ ಬಂದವು. ವಿಚ್ಛೇದನದ ಪ್ರಕರಣಕ್ಕೆ ಅವು ಕಡ್ಡಾಯವಲ್ಲ. ಆದರೂ ಆ ಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಜಾಣತನ. ಅದರಂತೆ ವರದಿಯಲ್ಲಿ ಇರಬೇಕಾದವು ಇವು:

– ಆಸ್ತಿಯ ಹಿನ್ನೆಲೆ, ಮೌಲ್ಯಮಾಪನದ ಉದ್ದೇಶ, ನೇಮಿಸಿದವರು ಯಾರು ಎಂಬ ವಿವರ.
– ಮೌಲ್ಯಮಾಪಕರ ಗುರುತು. ಆಸ್ತಿಯಲ್ಲಿ ಅಥವಾ ಕಕ್ಷಿದಾರರೊಂದಿಗೆ ಅವರಿಗೆ ಯಾವುದಾದರೂ ಹಿತಾಸಕ್ತಿ ಇದೆಯೇ ಎಂಬ ಘೋಷಣೆ.
– ನೇಮಕದ ದಿನಾಂಕ, ಯಾವ ದಿನದ ಬೆಲೆ ಎಂಬ ದಿನಾಂಕ, ವರದಿಯ ದಿನಾಂಕ. ಈ ಮೂರೂ ಬೇರೆ ಬೇರೆ.
– ನಡೆಸಿದ ಪರಿಶೀಲನೆ, ಬಳಸಿದ ಮಾಹಿತಿಯ ಮೂಲ, ಅನುಸರಿಸಿದ ವಿಧಾನ.
– ಬೆಲೆಯ ಮೇಲೆ ಪರಿಣಾಮ ಬೀರಿದ ಮುಖ್ಯ ಅಂಶಗಳು ಮತ್ತು ತೀರ್ಮಾನ.
– ವರದಿಯ ಬಳಕೆಗೆ ಇರುವ ನಿರ್ಬಂಧಗಳು, ಮಿತಿಗಳು.

ಫ್ಲ್ಯಾಟಾದರೆ ಅದೇ ಸಮುಚ್ಚಯದಲ್ಲಿ ಅಥವಾ ನೆರೆಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ನೋಂದಾಯಿತ ಬೆಲೆಯೊಡನೆ ಹೋಲಿಸಿ, ಮಹಡಿ, ದಿಕ್ಕು, ವಾಹನ ನಿಲುಗಡೆ, ಕಟ್ಟಡದ ವಯಸ್ಸು ಇವುಗಳ ವ್ಯತ್ಯಾಸವನ್ನು ಹೇಗೆ ಸರಿಹೊಂದಿಸಿದರೆಂದು ಬರೆದಿರಬೇಕು. ಸ್ವತಂತ್ರ ಮನೆಯಾದರೆ ನಿವೇಶನದ ಬೆಲೆಯನ್ನೂ, ಸವಕಳಿ ಕಳೆದ ಕಟ್ಟಡದ ಬೆಲೆಯನ್ನೂ ಪ್ರತ್ಯೇಕವಾಗಿ ತೋರಿಸಿರಬೇಕು. ಬಾಡಿಗೆಗೆ ಕೊಟ್ಟ ಕಟ್ಟಡವಾದರೆ ಬಾಡಿಗೆಯ ಆದಾಯದಿಂದ ಬೆಲೆ ಕಟ್ಟುವ ಲೆಕ್ಕವೂ ಬೇಕು. ಖಾತೆಯ ಸ್ಥಿತಿ, ನಕ್ಷೆಗೆ ಅನುಮೋದನೆ ಇದೆಯೇ, ಸ್ವಾಧೀನಾನುಭವ ಪ್ರಮಾಣಪತ್ರ ದೊರೆತಿದೆಯೇ ಎಂಬ ಅಂಶಗಳು ನಮ್ಮ ನಗರಗಳಲ್ಲಿ ಬೆಲೆಯನ್ನು ಏರಿಳಿಸುವುದರಿಂದ ಅವುಗಳ ಉಲ್ಲೇಖವೂ ಇರಬೇಕು.

ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಪರಿಗಣಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಅವಕಾಶ ಕೊಡುತ್ತದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮು ಇನ್ನೂ ಉದಾರವಾಗಿದ್ದು, ವಿವಾದದ ಇತ್ಯರ್ಥಕ್ಕೆ ನೆರವಾಗುವ ಯಾವುದೇ ವರದಿಯನ್ನು ಸ್ವೀಕರಿಸಬಹುದೆನ್ನುತ್ತದೆ. ಹಾಗೆಂದು ಯಾವ ಕಾಗದವಾದರೂ ಸಾಕೆಂದು ಭಾವಿಸಬಾರದು. ಸ್ವೀಕಾರವಾಗುವುದು ಒಂದು, ಪಾಟಿ ಸವಾಲಿನಲ್ಲಿ ನಿಲ್ಲುವುದು ಇನ್ನೊಂದು. ಕಾರಣ ಬರೆಯದ ವರದಿಯನ್ನು ಎದುರು ಪಕ್ಷದ ವಕೀಲರು ನಾಲ್ಕು ಪ್ರಶ್ನೆಗಳಲ್ಲಿ ಸಡಿಲಗೊಳಿಸಬಲ್ಲರು.

ಯಾವ ದಿನದ ಬೆಲೆ?

ಪತಿ–ಪತ್ನಿ ಬೇರೆಯಾದ ದಿನಕ್ಕೂ ತೀರ್ಪಿನ ದಿನಕ್ಕೂ ನಡುವೆ ಹಲವು ವರ್ಷಗಳು ಕಳೆಯುವುದುಂಟು. ಈ ಅವಧಿಯಲ್ಲಿ ನಿವೇಶನದ ಬೆಲೆ ಗಣನೀಯವಾಗಿ ಏರಿರಬಹುದು. ಯಾವ ದಿನದ ಬೆಲೆಯನ್ನು ಹಿಡಿಯಬೇಕೆಂದು ಹಿಂದೂ ವಿವಾಹ ಕಾಯ್ದೆ ಹೇಳುವುದಿಲ್ಲ. ಆದ್ದರಿಂದ ಮೌಲ್ಯಮಾಪಕರನ್ನು ನೇಮಿಸುವಾಗಲೇ ವಕೀಲರೊಡನೆ ಚರ್ಚಿಸಿ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ದಿನಾಂಕದ ಬಗ್ಗೆಯೇ ಭಿನ್ನಾಭಿಪ್ರಾಯವಿದ್ದರೆ ಒಂದೇ ವರದಿಯಲ್ಲಿ ಎರಡು ದಿನಾಂಕಗಳ ಬೆಲೆಯನ್ನು ಕೇಳಬಹುದು. ಆಗ ದಿನಾಂಕ ಯಾವುದೆಂದು ನ್ಯಾಯಾಲಯ ತೀರ್ಮಾನಿಸಿದ ಮೇಲೆ ಮತ್ತೊಮ್ಮೆ ಮೌಲ್ಯಮಾಪನ ಮಾಡಿಸುವ ಪ್ರಮೇಯ ಬರುವುದಿಲ್ಲ. ಬಾಕಿ ಸಾಲದ ಪ್ರಮಾಣಪತ್ರವನ್ನೂ ಬ್ಯಾಂಕಿನಿಂದ ಅದೇ ದಿನಾಂಕಕ್ಕೆ ಪಡೆಯತಕ್ಕದ್ದು.

ಸಂದರ್ಭಕ್ಕೆ ತಕ್ಕ ಆಯ್ಕೆ

ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಇಬ್ಬರೂ ಸೇರಿ ಒಬ್ಬರೇ ಮೌಲ್ಯಮಾಪಕರನ್ನು ನೇಮಿಸುವುದು ಉತ್ತಮ ಮಾರ್ಗ. ನೇಮಕ ಪತ್ರಕ್ಕೆ ಇಬ್ಬರ ಸಹಿ, ಶುಲ್ಕದಲ್ಲಿ ಇಬ್ಬರ ಪಾಲು, ವರದಿಯ ಪ್ರತಿ ಇಬ್ಬರಿಗೂ. ಇಲ್ಲಿ ಮಾರುಕಟ್ಟೆ ಮೌಲ್ಯವನ್ನು ಕಾರಣಗಳೊಡನೆ ತಿಳಿಸುವ ಸಂಕ್ಷಿಪ್ತ ವರದಿ ಸಾಕಾಗುತ್ತದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕಾ ಕೇಂದ್ರದಂತಹ ಕಡೆ ಮಾತುಕತೆಗೆ ಕುಳಿತಾಗ, ಇಬ್ಬರೂ ಒಪ್ಪಿದ ಒಂದು ಅಂಕಿ ಎದುರಿಗಿದ್ದರೆ ಚರ್ಚೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ವಿವಾದವಿದ್ದು ಇಬ್ಬರೂ ತಮ್ಮ ತಮ್ಮ ಮೌಲ್ಯಮಾಪಕರನ್ನು ನೇಮಿಸುವುದಾದರೆ ವಿವರಣಾತ್ಮಕ ವರದಿಯೇ ಬೇಕು. ಸಾಕ್ಷಿ ನುಡಿಯಲು ಬರುವರೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಇಷ್ಟು ಬೆಲೆ ಬಂದರೆ ಇಷ್ಟು ಶುಲ್ಕ ಎಂಬ ಷರತ್ತು ಕೂಡದು. ಫಲಿತಾಂಶವನ್ನು ಆಧರಿಸಿದ ಶುಲ್ಕವನ್ನು ನೋಂದಾಯಿತ ಮೌಲ್ಯಮಾಪಕರ ನಡತೆ ಸಂಹಿತೆಯೇ ನಿಷೇಧಿಸಿದೆ.

ಮನೆಯಲ್ಲಿ ವಾಸವಿರುವವರು ಇನ್ನೊಬ್ಬರ ಮೌಲ್ಯಮಾಪಕರನ್ನು ಒಳಗೆ ಬಿಡದಿರುವುದು ಅಪರೂಪವೇನಲ್ಲ. ಹೊರಗಿನಿಂದಷ್ಟೇ ನೋಡಿ ಬರೆದ ವರದಿಯಾದರೆ ಅದನ್ನು ವರದಿಯಲ್ಲೇ ಸ್ಪಷ್ಟಪಡಿಸಬೇಕು. ಅದಕ್ಕಿಂತ ಒಳ್ಳೆಯ ದಾರಿ ನ್ಯಾಯಾಲಯದ ಆಯುಕ್ತರ ನೇಮಕಕ್ಕೆ ಅರ್ಜಿ ಸಲ್ಲಿಸುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮವು ಆಸ್ತಿಯ ಮಾರುಕಟ್ಟೆ ಮೌಲ್ಯವನ್ನು ತಿಳಿಯಲು ಆಯುಕ್ತರನ್ನು ಕಳುಹಿಸುವ ಅಧಿಕಾರವನ್ನು ಸ್ಪಷ್ಟ ಮಾತುಗಳಲ್ಲಿ ಕೊಟ್ಟಿದೆ. ಆಯುಕ್ತರ ವರದಿ ಪ್ರಕರಣದ ಸಾಕ್ಷ್ಯವಾಗುತ್ತದೆ; ನ್ಯಾಯಾಲಯದ ಅನುಮತಿ ಪಡೆದು ಅವರನ್ನು ಪ್ರಶ್ನಿಸಲೂ ಅವಕಾಶವಿದೆ.

ವಿದೇಶದಲ್ಲಿ ಮನೆ ಇರುವವರು

ಅಮೆರಿಕದಲ್ಲಿ ನೆಲೆಸಿ ಅಲ್ಲೂ ಇಲ್ಲೂ ಮನೆ ಮಾಡಿರುವ ಕನ್ನಡಿಗ ದಂಪತಿಗಳಿಗೆ ಈ ಪ್ರಶ್ನೆ ಎರಡೂ ದೇಶಗಳಲ್ಲಿ ಎದುರಾಗುತ್ತದೆ. ಅಲ್ಲಿನ ಮೌಲ್ಯಮಾಪಕರು ಪಾಲಿಸುವ ವೃತ್ತಿಮಾನದಂಡವು ಲಿಖಿತ ವರದಿಯಲ್ಲಿ ಎರಡು ಬಗೆಯನ್ನು ಗುರುತಿಸುತ್ತದೆ: ಆಧಾರಗಳನ್ನು ಸಂಗ್ರಹಿಸಿ ಹೇಳುವ ಸಾಮಾನ್ಯ ವರದಿ ಮತ್ತು ತೀರ್ಮಾನವನ್ನಷ್ಟೇ ಹೇಳುವ ಸೀಮಿತ ವರದಿ. ಎದುರು ಪಕ್ಷ ಮತ್ತು ನ್ಯಾಯಾಧೀಶರು ಓದಬೇಕಾದ ಕಡೆ ಸೀಮಿತ ವರದಿ ಸಾಲದು. ಗೃಹಸಾಲಕ್ಕೆಂದು ರೂಪಿಸಿದ ಮುದ್ರಿತ ನಮೂನೆಯನ್ನು ವಿಚ್ಛೇದನಕ್ಕೆ ಬಳಸುವಾಗಿನ ತೊಡಕು ಅಲ್ಲಿಯೂ ಇದೆ. ಕ್ಯಾಲಿಫೋರ್ನಿಯದಂತಹ ರಾಜ್ಯದಲ್ಲಿ ದಾಂಪತ್ಯ ಕಾಲದ ಗಳಿಕೆ ಇಬ್ಬರಿಗೂ ಸೇರಿದ್ದೆಂಬ ನಿಯಮವಿದ್ದು, ಸಾಮಾನ್ಯವಾಗಿ ವಿಚಾರಣೆಗೆ ಆದಷ್ಟು ಸಮೀಪದ ದಿನದ ಬೆಲೆಯನ್ನು ಹಿಡಿಯಲಾಗುತ್ತದೆ. ಅಲ್ಲಿನ ಪ್ರಕರಣದಲ್ಲಿ ಮೈಸೂರಿನ ನಿವೇಶನದ ಬೆಲೆಯನ್ನು ತೋರಿಸಬೇಕಾದಾಗ ಮಾರ್ಗಸೂಚಿ ಪಟ್ಟಿಯ ಅನುವಾದವನ್ನು ಕಳುಹಿಸುವುದಕ್ಕಿಂತ, ಇಲ್ಲಿನ ಮೌಲ್ಯಮಾಪಕರ ವಿವರಣಾತ್ಮಕ ವರದಿ ಹೆಚ್ಚು ಉಪಯುಕ್ತ.

ನೇಮಕ ಪತ್ರದಲ್ಲಿ ಬರೆಯಬೇಕಾದುದು

ವರದಿ ಕೈಗೆ ಬಂದ ಮೇಲೆ ಕೊರತೆ ಹುಡುಕುವುದಕ್ಕಿಂತ ನೇಮಕ ಪತ್ರದಲ್ಲಿಯೇ ಐದು ವಿಷಯಗಳನ್ನು ಬರೆಯುವುದು ಲೇಸು. ವರದಿಯ ಉದ್ದೇಶ ವಿಚ್ಛೇದನದ ಇತ್ಯರ್ಥ. ಬೇಕಾದುದು ಮಾರುಕಟ್ಟೆ ಮೌಲ್ಯ. ಬೆಲೆ ಇಂತಹ ದಿನಾಂಕದ್ದು. ವರದಿಯನ್ನು ಓದುವವರು ಇಬ್ಬರು ಕಕ್ಷಿದಾರರು, ಅವರ ವಕೀಲರು ಮತ್ತು ನ್ಯಾಯಾಲಯ. ಅಗತ್ಯವಾದರೆ ಸಾಕ್ಷಿ ನುಡಿಯಲು ಮೌಲ್ಯಮಾಪಕರ ಒಪ್ಪಿಗೆಯಿದೆ. ಇದರೊಡನೆ ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ಅನುಮೋದಿತ ನಕ್ಷೆ ಇವುಗಳ ಪ್ರತಿಯನ್ನು ಒದಗಿಸಬೇಕು.

ಇನ್ನೊಂದು ಮಾತು. ಪತಿ–ಪತ್ನಿಯ ನಡುವಿನ ದಾನಪತ್ರಕ್ಕೆ ರಾಜ್ಯದ ಮುದ್ರಾಂಕ ಕಾಯ್ದೆಯಲ್ಲಿ ರಿಯಾಯಿತಿ ಇದೆ. ವಿಚ್ಛೇದನವಾದ ಬಳಿಕ ಅವರು ಕಾನೂನಿನ ಕಣ್ಣಿನಲ್ಲಿ ಪತಿ–ಪತ್ನಿಯಾಗಿ ಉಳಿಯುವುದಿಲ್ಲ. ಹಾಗಾಗಿ ಮನೆಯನ್ನು ಒಬ್ಬರ ಹೆಸರಿಗೆ ಯಾವಾಗ, ಯಾವ ಪತ್ರದ ಮೂಲಕ ವರ್ಗಾಯಿಸಬೇಕೆಂಬುದನ್ನು ತೀರ್ಪಿಗೆ ಮುನ್ನವೇ ವಕೀಲರೊಡನೆ ಇತ್ಯರ್ಥಪಡಿಸಿಕೊಳ್ಳಬೇಕು.

ಮೌಲ್ಯಮಾಪಕರಿಗೆ ಕೊಡುವ ಶುಲ್ಕ ದುಬಾರಿಯೆನಿಸಿ ಕೈಯಲ್ಲಿರುವ ಯಾವುದೋ ಕಾಗದವನ್ನೇ ಮುಂದಿಡುವವರು ಮೇಲಿನ ಇಪ್ಪತ್ತೊಂದು ಲಕ್ಷದ ಲೆಕ್ಕವನ್ನು ನೆನೆಯುವುದು ಒಳ್ಳೆಯದು. ಕೈಗೆ ಬರುವ ಪಾಲಿನಲ್ಲೇ ಇನ್ನೊಂದು ಮನೆಯನ್ನು ಹುಡುಕಿಕೊಳ್ಳಬೇಕಾದವರಿಗೆ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ಆ ಅಂತರ ಮುಂದಿನ ಹಲವು ವರ್ಷಗಳ ಬಾಡಿಗೆಯ ಹಣ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವರದಿಯ ಕೊನೆಯ ಅಂಕಿಯನ್ನಷ್ಟೇ ನೋಡದೆ, ಅದು ಯಾರಿಗಾಗಿ, ಯಾವ ಉದ್ದೇಶಕ್ಕಾಗಿ, ಯಾವ ದಿನಾಂಕಕ್ಕೆ ಬರೆದದ್ದೆಂದು ಮೊದಲ ಪುಟದಲ್ಲಿ ಓದಿಕೊಳ್ಳಬೇಕು.